ತಕ್ಕಡಿ ಮುಂದೆ ‘ಬ್ಯಾಡ’ ಅನ್ನೋದು ಕಲಿತದ್ದು

ಬೆಳಗಾವಿಯ ಕಾರ್ಖಾನೆಗಳ ಪ್ರದೇಶ ಉದ್ಯಮಬಾಗ ದಾಟಿ ಖಾನಾಪುರ ರಸ್ತೆ ಹಿಡಿದರೆ ಎಡಬಲಕ್ಕೆ ಹೊಸ ಲೇಔಟುಗಳು ಶುರುವಾಗುತ್ತವೆ. ಅಲ್ಲೊಂದು ಭಂಗಾರದ ಅಂಗಡಿಯಲ್ಲಿ ನಾನು ತೂಕಕ್ಕೆ ಕೂರುತ್ತೇನೆ. ಒಂಬತ್ತು ವರ್ಷವಾಯಿತು. ಬೆಂಗಳೂರಿನವರು ಗುಜರಿ ಅಂತಾರೆ, ಹುಬ್ಬಳ್ಳಿಯವರು ಮೋಡಕಾ ಅಂತಾರೆ, ನಮ್ಮಲ್ಲಿ ಭಂಗಾರ. ಬಂಗಾರಕ್ಕೂ ಇದಕ್ಕೂ ಒಂದು ಉಸಿರಿನ ಫರಕು ಅಷ್ಟೇ ಅಂತ ನಮ್ಮ ಸಾವಕಾರರು ಹೊಸ ಗಿರಾಕಿಗಳಿಗೆಲ್ಲ ಹೇಳಿ ತಾವೇ ನಗುತ್ತಾರೆ.

ನಾನು ಸೇರಿದಾಗ ಸುತ್ತಲಿನ ಮೂರು ಲೇಔಟಿಗೆ ಕಸದ ಗಾಡಿ ಬರುತ್ತಿರಲಿಲ್ಲ. ಗಾಡಿ ಯಾರು ಕಳಿಸಬೇಕು ಅನ್ನುವುದೇ ಇತ್ಯರ್ಥವಾಗದ ಜಾಗ ಅದು. ಮನೆ ಕಟ್ಟಿದವರು ಬೋರು ಹೊಡೆಸಿದರು, ಕರೆಂಟು ತಂದರು, ಕಸಕ್ಕೆ ಮಾತ್ರ ಏನೂ ಇಲ್ಲ. ಕೆಲವರು ಸಂಜೆ ಖಾಲಿ ಸೈಟಿನಲ್ಲಿ ಬೆಂಕಿ ಹಚ್ಚುತ್ತಿದ್ದರು. ಕೆಲವರು ಆಫೀಸಿಗೆ ಹೋಗುವಾಗ ಸ್ಕೂಟರಿನ ಕೊಕ್ಕೆಗೆ ಕಸದ ಚೀಲ ಸಿಗಿಸಿಕೊಂಡು, ಊರೊಳಗೆ ಎಲ್ಲಾದರೂ ಕಸದ ಗುಂಪು ಕಂಡಲ್ಲಿ ಇಳಿಸಿ ಹೋಗುತ್ತಿದ್ದರು. ಟಿಫಿನ್ ಚೀಲ ಇಳಿಸಿ ಕಸದ ಚೀಲ ಆಫೀಸಿಗೆ ಒಯ್ದ ಒಬ್ಬರು ನನಗೆ ಗೊತ್ತು. ಇನ್ನು ಕೆಲವರು ನಮ್ಮ ಅಂಗಡಿಗೆ ಬಂದರು.

ಮೊದಲೆಲ್ಲ ಭಂಗಾರದ ಅಂಗಡಿಗೆ ಮನೆಯವರು ಬರುವುದು ವರ್ಷಕ್ಕೆ ಎರಡು ಸಲ. ದೀಪಾವಳಿ ಮುಂದೆ ಮನೆ ಸಾರಿಸುವಾಗ ಒಮ್ಮೆ, ಬಾಡಿಗೆ ಮನೆ ಬದಲಿಸುವಾಗ ಒಮ್ಮೆ. ರದ್ದಿ, ಕಬ್ಬಿಣ, ತಳ ತೂತಾದ ಡಬರಿ. ಇವರು ಹಾಗಲ್ಲ, ಪ್ರತಿ ರವಿವಾರ ಬರತೊಡಗಿದರು. ನನಗೆ ಖುಷಿ. ಏನು ತಂದರೂ ‘ಇಡ್ರೀ, ನಡೀತದ’ ಅಂದೆ. ಮಕ್ಕಳ ಚಿಪ್ಸ್ ಕವರು, ಗುಳಿಗೆಯ ಖಾಲಿ ಹಾಳೆ, ಹುಟ್ಟುಹಬ್ಬದ ಥರ್ಮಾಕೋಲ್ ತಟ್ಟೆ, ಚಹಾ ಕುಡಿದ ಪೇಪರ್ ಕಪ್ಪು. ದುಡ್ಡು ಕೊಡುತ್ತಿರಲಿಲ್ಲ, ಆದರೆ ಬೇಡ ಅಂತಲೂ ಅನ್ನುತ್ತಿರಲಿಲ್ಲ. ರದ್ದಿ, ಬಾಟಲಿ ತರುವ ಗಿರಾಕಿ ಬೇಜಾರಾಗಿ ಇನ್ನೊಂದು ಅಂಗಡಿಗೆ ಹೋದಾರು ಅನ್ನುವ ಹೆದರಿಕೆ. ಎಲ್ಲಿಗೆ ಹೋಗ್ತದ ಅಂತ ಕೇಳಿದರೆ ‘ಫ್ಯಾಕ್ಟರಿಗೆ’ ಅನ್ನುತ್ತಿದ್ದೆ. ಯಾವ ಫ್ಯಾಕ್ಟರಿ ಅಂತ ಯಾರೂ ಮುಂದಕ್ಕೆ ಕೇಳಲಿಲ್ಲ.

ನಿಜ ಏನೆಂದರೆ ಅದು ಅಂಗಡಿ ಹಿಂದಿನ ಗೋಡೆ ದಾಟಿ ನಾಲೆಯ ದಂಡೆಗೆ ಹೋಗುತ್ತಿತ್ತು. ರಾಶಿ ದೊಡ್ಡದಾದರೆ ನಮ್ಮ ಹುಡುಗರು ರಾತ್ರಿ ಕಡ್ಡಿ ಗೀರುತ್ತಿದ್ದರು. ಬೀದಿಯಲ್ಲಾಗಲಿ ನಾಲೆಗಾಗಲಿ ಕಸ ಹಾಕಬಾರದು, ಸುಡಬಾರದು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತು. ಅದು ನನಗೆ ಆಗ ಗೊತ್ತಿರಲಿಲ್ಲ ಅಂದರೆ ಸುಳ್ಳಾದೀತು. ಗೊತ್ತಿತ್ತು.

ಲೇಔಟಿನಲ್ಲಿ ಒಬ್ಬ ರಿಟೈರ್ಡ್ ಅಕ್ಕೋರು ಇದ್ದಾರೆ, ಕನ್ನಡ ಶಾಲೆಯಲ್ಲಿ ಕಲಿಸಿದವರು. ಅವರ ಚೀಲ ಬಂತೆಂದರೆ ಬಿಚ್ಚಿ ನೋಡುವುದೇ ಒಂದು ಚಂದ. ಹಾಲಿನ ಪಾಕೀಟು ತೊಳೆದು, ದಾರದ ಮೇಲೆ ಒಣಗಿಸಿ, ಒಂದರ ಮೇಲೊಂದು ಪೇರಿಸಿದ್ದು. ಚಿಪ್ಸ್ ಕವರು, ಬಿಸ್ಕೀಟಿನ ಕವರುಗಳನ್ನೂ ಬಿಡದೆ ತೊಳೆದು ಮಡಚಿ, ಹಳೆ ಸೀರೆಯ ಅಂಚನ್ನು ಪಟ್ಟಿ ಪಟ್ಟಿಯಾಗಿ ಹರಿದು ಅದರಲ್ಲಿ ಕಟ್ಟು ಕಟ್ಟಿ ತರುತ್ತಿದ್ದರು. ಅಷ್ಟು ನೀರು, ಅಷ್ಟು ಕೈಕೆಲಸ.

2019ರ ಆಗಸ್ಟ್ ಇಡೀ ಜಿಲ್ಲೆ ನೆನಪಿಟ್ಟುಕೊಂಡಿರುವ ತಿಂಗಳು. ಮಳೆ ಬಿಡಲೇ ಇಲ್ಲ. ಕೃಷ್ಣಾ, ಮಲಪ್ರಭಾ, ಘಟಪ್ರಭಾ ಉಕ್ಕಿ ಊರೂರೇ ನೀರಿಗೆ ಹೋದವು. ಅದರ ಮುಂದೆ ನಮ್ಮ ನಾಲೆ ಯಾವ ಲೆಕ್ಕ? ಆದರೂ ಅದು ಉಕ್ಕಿತು, ದಂಡೆಯ ರಾಶಿಯನ್ನು ಎತ್ತಿಕೊಂಡು ಕೆಳಗಿನ ಲೇಔಟಿಗೆ ನುಗ್ಗಿತು. ನೀರು ಇಳಿದ ಮೇಲೆ ಅಕ್ಕೋರು ಅಂಗಡಿಗೆ ಬಂದರು. ಕೈಯಲ್ಲಿ ಕೆಸರು ಮೆತ್ತಿದ ಒಂದು ಕಟ್ಟು, ಹಸಿರು ಸೀರೆ ಅಂಚಿನದು. ಅವರ ಗೇಟಿಗೇ ಬಂದು ನಿಂತಿತ್ತಂತೆ.

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ‘ಹಂಗಾರ ಹಾಲಿನ ಪಾಕೀಟೂ ಹಿಂಗ ಹೋಗ್ತಾವೇನು?’ ಅಂತ ಕೇಳಿದರು.

ಹಾಲಿನ ಪಾಕೀಟು ನಿಜವಾಗಿಯೂ ಫ್ಯಾಕ್ಟರಿಗೇ ಹೋಗುತ್ತಿತ್ತು. ಅದನ್ನು ಹೇಳಿದೆ ಕೂಡ. ಆದರೆ ಹೇಳುವಾಗ ನನ್ನ ದನಿ ನನಗೇ ಸುಳ್ಳು ಹೇಳಿದಂತೆ ಕೇಳಿಸಿತು. ಮುಂದೆ ಒಂದೂವರೆ ತಿಂಗಳು ಅವರು ಏನನ್ನೂ ತರಲಿಲ್ಲ, ರದ್ದಿಯನ್ನು ಸಹ.

ಸಾವಕಾರರ ಹತ್ತಿರ ಹೋಗಿ, ಮಾರಾಟ ಆಗದ ಮಾಲು ಇನ್ನು ಒಳಗೆ ತಗೊಳ್ಳೋದಿಲ್ಲ ಅಂದೆ. ‘ಗಿರಾಕಿ ತಿರುಗಿ ಹೋಗ್ತಾರ, ನಿನ್ನ ಪಗಾರದಾಗ ಮುರೀಲೇನು?’ ಅಂದರು. ಸ್ವಲ್ಪ ದಿನ ನೋಡೋಣ ಅಂತ ಕಡೆಗೆ ಒಪ್ಪಿದರು. ಹೀಗೆ ಶುರುವಾಯಿತು, ತಕ್ಕಡಿ ಮುಂದೆಯೇ ಚೀಲ ಸುರಿಸಿ ನೋಡಿ, ಬೇಡದ್ದನ್ನು ಅವರ ಕೈಗೇ ವಾಪಸ್ ಕೊಡುವ ರೂಢಿ.

ಕೊಟ್ಟರೆ ಸಾಲದು, ಯಾಕೆ ಅಂತ ಹೇಳಬೇಕು. ಅದಕ್ಕೆ ಮೊದಲು ನಾನೇ ಕಲಿಯಬೇಕಾಯಿತು. ನಮ್ಮ ಮಾಲು ಕೊಳ್ಳುವ ಪ್ಲಾಸ್ಟಿಕ್ಕಿನವರ ಗೋದಾಮಿಗೆ ಹೋಗಿ ಎರಡು ದಿನ ಕೂತೆ. ಅಲ್ಲಿ ಕಂಡದ್ದು ಒಂದು ಬಕೆಟ್ ನೀರು. ಕತ್ತರಿಸಿದ ಚೂರು ಹಾಕಿದರೆ ಬಾಟಲಿಯ ಮುಚ್ಚಳ ತೇಲುತ್ತದೆ, ಬಾಟಲಿ ಮುಳುಗುತ್ತದೆ. ಹಾಲಿನ ಪಾಕೀಟು, ಕೊಡ, ಬಕೆಟ್, ಊಟದ ಡಬ್ಬಿ ತೇಲುವ ಜಾತಿ. ನೀರಿನ ಬಾಟಲಿ, ಪಿವಿಸಿ ಪೈಪು ಮುಳುಗುವ ಜಾತಿ. ತೊಂದರೆ ಇರುವುದು ಈ ಮುಳುಗುವ ಎರಡರಲ್ಲೇ. ನೀರು ಅವನ್ನು ಬೇರೆ ಮಾಡಿ ಕೊಡುವುದಿಲ್ಲ, ಕಣ್ಣು ಕೈಗಳೇ ಮಾಡಬೇಕು. ಬಾಟಲಿಯ ಮಾಲಿನಲ್ಲಿ ಪಿವಿಸಿ ಚೂರು ಸೇರಿದರೆ ಕರಗಿಸುವಾಗ ಅದು ಸುಟ್ಟು ಕರಕಲಾಗಿ ಇಡೀ ಮಾಲು ಹಳದಿಗಟ್ಟುತ್ತದೆ. ಮನೆಯವರು ಪೈಪಿನ ತುಂಡನ್ನು ಬಾಟಲಿ ಚೀಲಕ್ಕೆ ಹಾಕಿದರೆ ನಾನು ಯಾಕೆ ಕೂಗಾಡುತ್ತೇನೆ ಅಂತ ಈಗ ಕೆಲವರಿಗಾದರೂ ತಿಳಿದಿದೆ.

ಚಿಪ್ಸ್ ಕವರನ್ನು ಯಾರೂ ಕೊಳ್ಳುವುದಿಲ್ಲ. ಅದು ಒಂದೇ ಹಾಳೆ ಅಲ್ಲ. ಪ್ಲಾಸ್ಟಿಕ್ ಮೇಲೆ ಪ್ಲಾಸ್ಟಿಕ್, ನಡುವೆ ಉಗುರಿಗೂ ಸಿಗದಷ್ಟು ತೆಳ್ಳನೆಯ ಅಲ್ಯೂಮಿನಿಯಂ ಲೇಪ. ಬಿಡಿಸಿ ಬೇರೆ ಮಾಡುವುದು ಲಾಭದ ಮಾತಲ್ಲ. ಸಿಮೆಂಟ್ ಫ್ಯಾಕ್ಟರಿಯ ಗೂಡಿನಲ್ಲಿ ಕಲ್ಲಿದ್ದಲಿನ ಬದಲು ಇಂಥದನ್ನು ಉರಿಸಬಹುದು, ಅಲ್ಲಿ ಸುಣ್ಣದ ಕಲ್ಲು 1450 ಡಿಗ್ರಿಯ ಹತ್ತಿರದ ಕಾವಿನಲ್ಲಿ ಬೇಯುತ್ತದೆ. ಆದರೆ ಅಲ್ಲಿಗೆ ಕಳಿಸಬೇಕಾದರೆ ಟನ್ನುಗಟ್ಟಲೆ ಕೂಡಿಸಿ ಒತ್ತಿ ಬೇಲ್ ಕಟ್ಟಬೇಕು. ನಮ್ಮಂಥ ಅಂಗಡಿಗೆ ಲಾರಿ ಬಾಡಿಗೆಯೂ ಹುಟ್ಟುವುದಿಲ್ಲ. ಗುಳಿಗೆಯ ಹಾಳೆಯನ್ನೂ ಯಾರೂ ಕೊಳ್ಳುವುದಿಲ್ಲ. ಪೇಪರ್ ಕಪ್ಪಿಗೆ ಒಳಗೆ ಪ್ಲಾಸ್ಟಿಕ್ ಪೊರೆ ಇರುತ್ತದೆ, ಅದಿಲ್ಲದಿದ್ದರೆ ಚಹಾ ಅಂಗೈಗೆ ಇಳಿಯುತ್ತಿತ್ತು. ರದ್ದಿಯಲ್ಲಿ ಅದು ಸೇರುವುದಿಲ್ಲ.

ಕಬ್ಬಿಣದ ಮಾತು ಬಂದರೆ ಮಾತ್ರ ನನಗೆ ಈಗಲೂ ಹುರುಪು. ಪ್ಲಾಸ್ಟಿಕ್ಕು ಎಲ್ಲೋ ದೂರ ಹೋಗಿ ಏನೋ ಆಗುತ್ತದೆ, ಬೀಡು, ಅಂದರೆ ಎರಕದ ಕಬ್ಬಿಣ, ನಮ್ಮ ಕಣ್ಣೆದುರೇ ಹುಟ್ಟು ಬದಲಿಸುತ್ತದೆ. ಬೆಳಗಾವಿ ಫೌಂಡ್ರಿಗಳ ಊರು. ಸುತ್ತಿಗೆಯಿಂದ ಒಂದು ಏಟು ಹಾಕಿದರೆ ಬೀಡು ಬಿಸ್ಕೀಟಿನಂತೆ ಒಡೆಯುತ್ತದೆ, ಒಳಗೆ ಬೂದು ಬಣ್ಣದ ಸಕ್ಕರೆ ಕಂಡಂತೆ ಕಾಣುತ್ತದೆ. ಉಕ್ಕು ಬಾಗುತ್ತದೆ, ಒಡೆಯುವುದಿಲ್ಲ. ಎರಡನ್ನೂ ಬೇರೆ ಇಟ್ಟರೆ ದರವೂ ಬೇರೆ. ಯಾರದೋ ಅಜ್ಜಿಯ ಕಾಲದ ಒಲೆಯ ಜಾಳಿಗೆ ಉದ್ಯಮಬಾಗದ ಭಟ್ಟಿಗೆ ಹೋಗಿ, ಇನ್ನಾರದೋ ಹೊಲದ ಪಂಪಿನ ಭಾಗವಾಗುತ್ತದೆ. ಕುಕ್ಕರ್ ತಂದರೆ ಹಿಡಿಕೆ ಬಿಚ್ಚಿ ತನ್ನಿ ಅನ್ನುತ್ತೇನೆ. ಆ ಕಪ್ಪು ಹಿಡಿಕೆ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದ ಜಾತಿ. ಅಲ್ಯೂಮಿನಿಯಂ ಮಾತ್ರ ಎಷ್ಟು ಸಲ ಬೇಕಾದರೂ ಕರಗುತ್ತದೆ, ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕಿಂತ ಶೇ. 95ರಷ್ಟು ಶಕ್ತಿ ಉಳಿಯುತ್ತದೆ.

ಹಾಲಿನ ಪಾಕೀಟಿನ ಲೆಕ್ಕ ಕೇಳಿದರೆ ಜನ ನಗುತ್ತಾರೆ. ಅರ್ಧ ಲೀಟರಿನ ಪಾಕೀಟು ಒಂದಕ್ಕೆ ಸುಮಾರು 3 ಗ್ರಾಂ. ಕೆಜಿ ಆಗಲು 300ಕ್ಕೂ ಹೆಚ್ಚು ಬೇಕು. ದಿನಕ್ಕೆ ಎರಡು ಪಾಕೀಟು ತರುವ ಮನೆಗೆ ಅದು ಐದಾರು ತಿಂಗಳ ಮಾತು. ದುಡ್ಡಿಗಾಗಿ ಯಾರೂ ಇದನ್ನು ಮಾಡುವುದಿಲ್ಲ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ತೊಳೆಯದೆ ಐದು ತಿಂಗಳು ಇಟ್ಟರೆ ಆ ವಾಸನೆಗೆ ಮನೆಯವರೇ ಹೊರಗೆ ಬರಬೇಕಾಗುತ್ತದೆ. ಮೂಲೆ ಕತ್ತರಿಸುವಾಗ ಚೂರು ಪೂರ್ತಿ ಬೇರೆ ಆಗದಂತೆ ಒಂದು ಎಳೆ ಬಿಡಿ ಅನ್ನುತ್ತೇನೆ. ಆ ಚೂರು ಒಮ್ಮೆ ಕೆಳಗೆ ಬಿದ್ದರೆ ಯಾವ ಪೊರಕೆಗೂ ಸಿಗುವುದಿಲ್ಲ, ಸೀದಾ ಮೋರಿಗೆ.

ನಮ್ಮ ಊರಿನ ದೊಡ್ಡ ವೈರಿ ಮಳೆ. ಜೂನಿನಿಂದ ಸಪ್ಟೆಂಬರ್ ತನಕ ರದ್ದಿ ಗಾಳಿಯ ತೇವವನ್ನೇ ಕುಡಿದು ಭಾರವಾಗುತ್ತದೆ. ತೂಕದಲ್ಲಿ ಕಡಿತ ಮಾಡಿದರೆ ಗಿರಾಕಿ ನನ್ನನ್ನು ಕಳ್ಳ ಅನ್ನುತ್ತಾನೆ, ಮಾಡದಿದ್ದರೆ ನಮ್ಮ ರದ್ದಿ ಕೊಳ್ಳುವವರು ಸಾವಕಾರರ ಹಣ ಕಡಿಯುತ್ತಾರೆ. ಈಗ ಮಳೆಗಾಲಕ್ಕೆ ರದ್ದಿ ಮನೆಯಲ್ಲೇ ಇಡಿ, ನೆಲಕ್ಕೆ ತಾಗದಂತೆ ಹಲಗೆ ಮೇಲೆ ಇಡಿ, ದಸರೆಗೆ ತನ್ನಿ ಅಂತ ಮೊದಲೇ ಹೇಳಿಬಿಡುತ್ತೇನೆ. ಜಗಳ ಅರ್ಧಕ್ಕರ್ಧ ಕಡಿಮೆಯಾಯಿತು. ಇನ್ನರ್ಧ ಇದ್ದೇ ಇದೆ, ಭಂಗಾರದ ಅಂಗಡಿ ಅಂದಮೇಲೆ.

ಹಸಿ ಕಸ ನನ್ನ ಕೆಲಸಕ್ಕೆ ಸೇರಿದ್ದಲ್ಲ. ಕೇಳಿದವರಿಗೆ, ಬಕೆಟಿಗೆ ತೂತು ಹಾಕಿ, ಒಂದು ಪದರ ಸಿಪ್ಪೆ, ಅದಕ್ಕಿಂತ ದಪ್ಪಗೆ ಒಣ ಎಲೆಯೋ ಕಬ್ಬಿನ ರವದಿಯೋ ಹಾಕಿ, ಹುಳಿ ಮಜ್ಜಿಗೆ ಚಿಮುಕಿಸಿ ಅಂತಷ್ಟೇ ಹೇಳುತ್ತೇನೆ. ತಿಪ್ಪೆ ಹಾಕುವುದನ್ನು ಬೆಳಗಾವಿ ಜಿಲ್ಲೆಯವರಿಗೆ ಕಲಿಸುವುದೆಂದರೆ ನನಗೇ ನಾಚಿಕೆ. ಹಳೆ ಥರದ ಟ್ಯೂಬ್‌ಲೈಟ್ ಮತ್ತು ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಮಾತ್ರ ಯಾವ ಚೀಲಕ್ಕೂ ಸೇರಿಸಬೇಡಿ. ಮೊದಲನೆಯದರಲ್ಲಿ ಪಾದರಸ ಇದೆ. ಎರಡನೆಯದು ಜಜ್ಜಿದರೆ ಹೊತ್ತಿಕೊಳ್ಳುತ್ತದೆ. ನಮ್ಮ ರದ್ದಿಯ ಅಟ್ಟ ಒಮ್ಮೆ ಅದರಿಂದಲೇ ಹೊಗೆಯಾಡಿ, ಹುಡುಗರು ಬಾವಿ ನೀರು ಸೇದಿ ಸೇದಿ ಆರಿಸಿದರು.

ಸಾವಕಾರರು ಹೇಳಿದ್ದು ಸುಳ್ಳಾಗಲಿಲ್ಲ. ಮೊದಲ ಎರಡು ತಿಂಗಳು ಗಿರಾಕಿ ಕಡಿಮೆಯಾದರು. ಒಬ್ಬರು ವಾಪಸ್ ಕೊಟ್ಟ ಚೀಲವನ್ನು ನನ್ನೆದುರೇ ರಸ್ತೆ ಆಚೆ ಬಿಸಾಕಿ, ‘ಈಗ ಏನ್ ಮಾಡ್ತಿ?’ ಅಂತ ಕೇಳಿ ಹೋದರು. ಏನೂ ಮಾಡಲಿಲ್ಲ, ಸಂಜೆ ಎತ್ತಿ ತಂದೆ. ಅಂಥವರಲ್ಲಿ ಕೆಲವರು ಇನ್ನೂ ನಮ್ಮ ಹತ್ತಿರ ಬರುವುದಿಲ್ಲ, ಮುಂದಿನ ತಿರುವಿನ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಎಲ್ಲವನ್ನೂ ತಗೊಳ್ಳುತ್ತಾರಂತೆ.

ಅಕ್ಕೋರು ದಸರೆ ಮುಗಿದ ಮೇಲೆ ಬಂದರು, ರದ್ದಿ ಹಿಡಿದು. ಚಿಪ್ಸ್ ಕವರಿನ ಕಟ್ಟೂ ತಂದಿದ್ದರು. ಇದು ಬ್ಯಾಡ್ರೀ ಅಂದೆ. ‘ನನಗ ಗೊತ್ತು, ನೀ ಅಂತೀಯೋ ಇಲ್ಲೋ ನೋಡಾಕ ತಂದೆ’ ಅಂದರು. ಕಟ್ಟು ಮತ್ತೆ ಕೈಚೀಲಕ್ಕೆ ಸೇರಿತು. ಅವರ ಮನೆಯ ಮೆಟ್ಟಿಲ ಕೆಳಗೆ ಈಗ ಒಂದು ನೀಲಿ ಡ್ರಮ್ಮು ಇದೆ, ಅದರಲ್ಲಿ ಇಂಥ ಕಟ್ಟುಗಳೇ. ಕಸದ ಗಾಡಿ ಬಂದ ದಿನ ಕೊಡ್ತೀನಿ ಅನ್ನುತ್ತಾರೆ. ಡ್ರಮ್ಮು ಕಣ್ಣಿಗೆ ಬೀಳತೊಡಗಿದ ಮೇಲೆ ಮೊಮ್ಮಗನಿಗೆ ಚಿಪ್ಸ್ ತರುವುದು ಕಡಿಮೆಯಾಗಿ, ಮನೆಯಲ್ಲೇ ಚುರುಮುರಿ ವಗ್ಗರಣೆ ನಡೆದಿದೆಯಂತೆ. ಮೊನ್ನೆ ರದ್ದಿ ತೂಗಲು ಬಂದಾಗ ನನಗೂ ಒಂದು ಪೊಟ್ಟಣ ತಂದಿದ್ದರು, ಹಳೆ ಪೇಪರಿನಲ್ಲಿ ಕಟ್ಟಿ. ಎಣ್ಣೆ ತಾಗಿದ ಆ ಪೇಪರನ್ನು ರದ್ದಿಗೆ ಹಾಕಲು ಕೈ ಹೋಗಿತ್ತು. ಅಕ್ಕೋರು ನೋಡುತ್ತಿದ್ದರು.