ರೆಡಿಂಗ್‌ನ ಮನೆಗೆ ಮೈಸೂರಿನ ದಾಖಲೆ

ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವುದು ಹೇಗೆ ಅಂತ ಹೇಳಿಕೊಡುವ ವೀಡಿಯೊಗಳಿಗೇನೂ ಬರವಿಲ್ಲ. ಮಾರ್ಟ್‌ಗೇಜ್, ಸರ್ವೆ, ಯಾವ ಶಾಲೆಗೆ ಯಾವ ಬೀದಿ ಹತ್ತಿರ, ಎಲ್ಲ ಸಿಗುತ್ತದೆ. ಸಾಲಿಸಿಟರ್, ಅಂದರೆ ಕೊಳ್ಳುವ ಮನೆಯ ಕಾಗದಪತ್ರ ನೋಡುವ ವಕೀಲರ ವಿಷಯಕ್ಕೆ ಬಂದರೆ ಮಾತ್ರ "ಮೂರು ಕಡೆ ಕೋಟೇಷನ್ ತಗೊಳ್ಳಿ, ಕಡಿಮೆ ಹೇಳಿದವರನ್ನ ಹಿಡ್ಕೊಳ್ಳಿ" ಅಂತ ಮುಗಿಸಿಬಿಡುತ್ತಾರೆ. ಊರಲ್ಲಿ ಮನೆ, ಸೈಟು, ಅಣ್ಣತಮ್ಮಂದಿರ ಪಾಲು ಅಂತ ಒಂದಲ್ಲ ಒಂದು ಇರುವ ನಮ್ಮಂಥವರಿಗೆ ಈ ಸಲಹೆ ಸಾಲದು. ಹೋದ ವರ್ಷ ರೆಡಿಂಗ್‌ನಲ್ಲಿ ನಾವು ಮನೆ ತಗೊಂಡಾಗ ನಮ್ಮ ಸಾಲಿಸಿಟರ್ ಈ ಮನೆಯ ಕಾಗದಕ್ಕಿಂತ ಹಾಸನ, ಮೈಸೂರಿನ ಕಾಗದಗಳ ಮೇಲೇ ಹೆಚ್ಚು ತಲೆ ಕೆಡಿಸಿಕೊಂಡರು. ಹಾಗೆ ಕೆಡಿಸಿಕೊಂಡಿದ್ದಕ್ಕೇ ನಮಗೆ ದೊಡ್ಡ ದುಡ್ಡು ಉಳಿಯಿತು.

ಇಲ್ಲಿಯ ಪದ್ಧತಿ ಗೊತ್ತಿಲ್ಲದವರಿಗೆ ಎರಡು ಮಾತು. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ಟೋಕನ್ ಹಿಡಿದು, ಹೆಬ್ಬೆಟ್ಟೊತ್ತಿ ಫೋಟೊ ತೆಗೆಸಿಕೊಳ್ಳುವ ಶಾಸ್ತ್ರ ಇಲ್ಲಿಲ್ಲ. ಕೊಳ್ಳುವವರಿಗೊಬ್ಬ ಸಾಲಿಸಿಟರ್, ಮಾರುವವರಿಗೊಬ್ಬ. ಸಾಲಿಸಿಟರ್ ಬದಲು ಬರೀ ಆಸ್ತಿ ವರ್ಗಾವಣೆಯನ್ನೇ ಮಾಡುವ ಲೈಸೆನ್ಸ್ಡ್ ಕನ್ವೆಯನ್ಸರ್ ಕೂಡ ಆಗುತ್ತದೆ. ನಾವು ಮನೆಯಲ್ಲೇ ಕೂತು ಸಹಿ ಹಾಕಿ ಕಳಿಸುತ್ತೇವೆ, ಅವರಿಬ್ಬರೂ ಫೋನಿನಲ್ಲಿ ಮಾತಾಡಿ ಕರಾರು ವಿನಿಮಯ ಮಾಡಿಕೊಳ್ಳುತ್ತಾರೆ. ಅದಕ್ಕೆ ಎಕ್ಸ್‌ಚೇಂಜ್ ಅನ್ನುತ್ತಾರೆ. ಅಲ್ಲಿಯವರೆಗೆ ಯಾರ ಮಾತಿಗೂ ಕಾನೂನಿನ ಬೆಲೆ ಇಲ್ಲ. ಬೆಲೆ ಒಪ್ಪಿ ಕೈಕುಲುಕಿದ ಮಾರಾಟಗಾರ ನಾಳೆ ಇನ್ನೊಬ್ಬ ಹತ್ತು ಸಾವಿರ ಜಾಸ್ತಿ ಕೊಡ್ತೀನಿ ಅಂದರೆ ಅವನ ಕಡೆ ತಿರುಗಬಹುದು, ಯಾರೂ ಏನೂ ಕೇಳುವಂತಿಲ್ಲ. ಅಡ್ವಾನ್ಸ್ ಕೊಟ್ಟು ಕ್ರಯದ ಕರಾರು ಬರೆಸಿಕೊಂಡರೆ ಅರ್ಧ ನೆಮ್ಮದಿ ಅನ್ನುವ ನಮಗೆ ಇದು ವಿಚಿತ್ರವೇ. ಸ್ಕಾಟ್ಲೆಂಡಿನ ಕ್ರಮ ಬೇರೆ, ನಾನು ಹೇಳುತ್ತಿರುವುದು ಇಂಗ್ಲೆಂಡಿನದ್ದು.

ಈಗ ದುಡ್ಡಿನ ಕಥೆ. ಮನೆಯ ಬೆಲೆ 4.4 ಲಕ್ಷ ಪೌಂಡ್. ಇಲ್ಲಿಯ ಮುದ್ರಾಂಕ ಶುಲ್ಕ, ಅಂದರೆ ಸ್ಟ್ಯಾಂಪ್ ಡ್ಯೂಟಿ, ಮೊದಲ ಸಲ ಮನೆ ಕೊಳ್ಳುವವರಿಗೆ 3 ಲಕ್ಷದವರೆಗೆ ಇಲ್ಲ, ಅದರ ಮೇಲಿನದ್ದಕ್ಕೆ ಶೇ 5. ನಮ್ಮ ಲೆಕ್ಕ 7,000 ಪೌಂಡ್. ಇಬ್ಬರ ಹೆಸರಲ್ಲೂ ಈ ದೇಶದಲ್ಲಿ ಗೂಡಂಗಡಿಯೂ ಇಲ್ಲ, ಮೊದಲ ಮನೆಯಲ್ಲದೆ ಇನ್ನೇನು? ಆದರೆ ಫಾರ್ಮ್ ತುಂಬಿಸಿಕೊಳ್ಳುವಾಗ ಸಾಲಿಸಿಟರ್ ಕೇಳಿದ್ದು "ಈ ದೇಶದಲ್ಲಿ" ಅಂತಲ್ಲ, "ಜಗತ್ತಿನ ಯಾವ ಮೂಲೆಯಲ್ಲಾದರೂ" ಅಂತ. ನನ್ನ ಗಂಡ "ಮೈಸೂರಿನಲ್ಲಿ ಅಪ್ಪನ ಮನೆ ಇದೆ" ಅಂದರು. ಅಲ್ಲಿಂದ ಶುರುವಾಯಿತು.

ಕುವೆಂಪುನಗರದ ಆ ಮನೆ ಮಾವ ತಮ್ಮ ಸಂಬಳದಲ್ಲಿ ಕಟ್ಟಿಸಿದ್ದು. ಎರಡು ವರ್ಷದ ಕೆಳಗೆ ಅವರು ತೀರಿಕೊಂಡರು, ವಿಲ್ ಬರೆದಿರಲಿಲ್ಲ. ಹಾಗಾಗಿ ಅತ್ತೆ, ನನ್ನ ಗಂಡ, ಮೈದುನ ಮೂವರಿಗೂ ಸಮಪಾಲು. ಕೊಂಡದ್ದಾಗಲಿ, ದಾನ ಬಂದದ್ದಾಗಲಿ, ಹಿರಿಯರಿಂದ ಬಂದದ್ದಾಗಲಿ, ವಾಸದ ಮನೆಯಲ್ಲಿ ಒಂದು ಪಾಲು ಬಂದಿದೆ ಅಂದಮೇಲೆ ಆತ "ಮೊದಲ ಸಲ ಕೊಳ್ಳುವವ" ಆಗುವುದಿಲ್ಲ. ಇಬ್ಬರಲ್ಲಿ ಒಬ್ಬರು ತಪ್ಪಿದರೂ ಇಬ್ಬರಿಗೂ ರಿಯಾಯಿತಿ ಇಲ್ಲ. 7,000 ಹೋಗಿ 12,000 ಆಯಿತು. ಸರಿ, ಹೊಟ್ಟೆ ಉರಿದರೂ ತಡೆದುಕೊಳ್ಳಬಹುದಾದ ಮೊತ್ತ. ಅದರ ಹಿಂದೆ ನಿಂತಿತ್ತು ಇನ್ನೊಂದು. ಬೇರೆಲ್ಲಾದರೂ 40,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಮನೆ ಅಥವಾ ಮನೆಯ ಪಾಲು ಇದ್ದರೆ ಹೊಸ ಮನೆಯ ಪೂರ್ತಿ ಬೆಲೆಯ ಮೇಲೆ ಶೇ 5 ಹೆಚ್ಚುವರಿ ತೆರಿಗೆ. 2024ರ ಅಕ್ಟೋಬರ್ ಕೊನೆಯವರೆಗೆ ಅದು ಶೇ 3 ಇತ್ತು. ನಮಗೆ 22,000 ಪೌಂಡ್. ಒಟ್ಟು 34,000. ಕುವೆಂಪುನಗರದ ಈಗಿನ ರೇಟಿಗೆ ಮೂರನೇ ಒಂದು ಪಾಲು ಅಂದರೂ 40,000 ಪೌಂಡ್ ದಾಟುತ್ತಿತ್ತು.

ನಾವು ಮೊದಲು ವಿಚಾರಿಸಿದ್ದ ಅಗ್ಗದ ಕಂಪನಿಯೊಂದು ಇದೇ ಪ್ರಶ್ನೆಗೆ "ತೆರಿಗೆ ಸಲಹೆ ನಮ್ಮ ಸೇವೆಯಲ್ಲಿ ಸೇರಿಲ್ಲ, ಬೇರೆ ಆಸ್ತಿ ಇದ್ದರೆ ಹೆಚ್ಚುವರಿ ದರ ಅನ್ವಯಿಸುತ್ತದೆ" ಅಂತ ಒಂದು ಸಾಲಿನ ಮೇಲ್ ಹಾಕಿ ಕೈತೊಳೆದುಕೊಂಡಿತ್ತು. ನಮ್ಮ ಸಾಲಿಸಿಟರ್ ಈಯಮ್ಮ ಹಾಗೆ ಬಿಡಲಿಲ್ಲ. ಪಾಲು ಯಾವತ್ತು ಬಂತು, ಎಷ್ಟು, ಯಾರ ಯಾರ ಜೊತೆ, ಮನೆ ನಿಮ್ಮ ಮಾವನ ಸ್ವಂತ ದುಡಿಮೆಯದ್ದೋ ವಂಶದ್ದೋ ಎಂದು ಒಂದೊಂದೇ ಕೇಳಿದರು. ಹಿಂದೂ ಉತ್ತರಾಧಿಕಾರ ಕಾನೂನು ಅವರಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತಲೂ ಹೇಳಿದರು. ಮೈಸೂರಿನ ವಕೀಲರಿಂದ ಪತ್ರ ತರಿಸಿ ಅಂದರು. ಯಾಕೆ ಅಂದರೆ, ಹಿಂದಿನ 3 ವರ್ಷದೊಳಗೆ ಉತ್ತರಾಧಿಕಾರದಿಂದ ಬಂದ, ಅರ್ಧಕ್ಕಿಂತ ಹೆಚ್ಚಿಲ್ಲದ ಪಾಲನ್ನು ಈ ಹೆಚ್ಚುವರಿ ತೆರಿಗೆಗೆ ಲೆಕ್ಕ ಹಿಡಿಯುವುದಿಲ್ಲ ಅಂತ ನಿಯಮದಲ್ಲೇ ಇದೆ. ಮಾವನ ಮರಣ ಪ್ರಮಾಣಪತ್ರ, ವಂಶವೃಕ್ಷ, ಸ್ವಯಾರ್ಜಿತ ಆಸ್ತಿ ಅಂತ ಹೇಳುವ ವಕೀಲರ ಪತ್ರ ಎಲ್ಲ ಫೈಲಿಗೆ ಸೇರಿದವು. 22,000 ಕಟ್ಟಲಿಲ್ಲ. ಆ 3 ವರ್ಷ ದಾಟುವವರೆಗೆ ಕಾದಿದ್ದರೆ ಕಟ್ಟಲೇಬೇಕಾಗುತ್ತಿತ್ತು.

ನನ್ನೊಬ್ಬಳ ಹೆಸರಲ್ಲಿ ಕೊಂಡರೆ ರಿಯಾಯಿತಿ ತಪ್ಪಿ ಹೆಚ್ಚಾದ ಆ 5,000 ಕೂಡ ಉಳಿಯುತ್ತದೆ ಅಂತ ಅವರೇ ಹೇಳಿದರು. ನನ್ನೊಬ್ಬಳ ಸಂಬಳಕ್ಕೆ ಅಷ್ಟು ಸಾಲ ಕೊಡುವ ಬ್ಯಾಂಕ್ ಇರಲಿಲ್ಲ ಅಷ್ಟೆ. ಅಂದಹಾಗೆ ತುಮಕೂರಿನಲ್ಲಿ ಬರೀ ಸೈಟಿರುವ ನನ್ನ ಗೆಳತಿ ಮೊದಲ ಸಲ ಕೊಳ್ಳುವವಳಾಗಿಯೇ ಉಳಿದಳು. ಖಾಲಿ ಸೈಟು ವಾಸದ ಮನೆ ಆಗುವುದಿಲ್ಲವಲ್ಲ.

ಮುಂದಿನ ರಾಮಾಯಣ ಅಪ್ಪನದ್ದು. ಹಾಸನದ ಒಂದು 30–40 ಸೈಟು ಮಾರಿ ಬಂದ ದುಡ್ಡಲ್ಲಿ ಒಂದು ಭಾಗ ನನಗೆ ಕೊಡ್ತೀನಿ ಅಂದಿದ್ದರು. ಅಕ್ರಮ ಹಣ ತಡೆಯುವ ಕಾನೂನಿನ ಪ್ರಕಾರ ಈ ದುಡ್ಡು ಎಲ್ಲಿಂದ ಹುಟ್ಟಿತು ಅಂತ ಸಾಲಿಸಿಟರ್ ತಿಳಿದುಕೊಳ್ಳಲೇಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿದರೆ, ಅಲ್ಲಿಗೆ ಎಲ್ಲಿಂದ ಬಂತು ಅನ್ನುತ್ತಾರೆ. ಕ್ರಯಪತ್ರ ಕಳಿಸಿದರೆ ಅದು ಕನ್ನಡದಲ್ಲಿದೆ. ಅನುವಾದ ಮಾಡಿಸಿ, ಅನುವಾದಕರ ಸಹಿ ಹಾಕಿಸಿ ಕಳಿಸಿದ್ದಾಯಿತು. ಚಕ್ಕುಬಂದಿಯಲ್ಲಿ ಪಕ್ಕದ ಸೈಟಿನ ನಂಬರ್, ಉತ್ತರಕ್ಕೆ ರಸ್ತೆ ಅಂತ ಬರೆದದ್ದನ್ನು ಓದಿ, ನಕ್ಷೆ ಲಗತ್ತಿಸದೆ ಗಡಿ ಹೇಗೆ ಗೊತ್ತಾಗುತ್ತದೆ ಅಂತ ಕುತೂಹಲಕ್ಕೆ ಕೇಳಿದರು. ಕಲ್ಲು ನೆಟ್ಟಿರುತ್ತಾರೆ ಅಂದೆ. ಆಮೇಲೆ ಅಪ್ಪನ ಪಾಸ್‌ಪೋರ್ಟ್, ಆಮೇಲೆ ಇದು ಸಾಲ ಅಲ್ಲ, ಮನೆಯಲ್ಲಿ ನನಗೆ ಹಕ್ಕಿಲ್ಲ ಅಂತ ಅಪ್ಪ ಬರೆದುಕೊಡುವ ಪತ್ರ.

"ನನ್ ಮಗಳಿಗೆ ನಾನು ದುಡ್ ಕೊಡೋಕೆ ಆ ವಕೀಲಮ್ಮಂಗೆ ಯಾಕೆ ಬರ್ಕೊಡ್ಬೇಕಮ್ಮ?" ಅಂತ ಅಪ್ಪ ರೇಗಿದರು. ಬ್ಯಾಂಕಿನವರ ಭಯ ಅಪ್ಪ, ನಾಳೆ ನೀವು ಪಾಲು ಕೇಳ್ತೀರಾ ಅಂತ, ಅಂದೆ. "ಕೇಳ್ದೆ ಬಿಡ್ತೀನಾ" ಅಂತ ಗೊಣಗಿಕೊಂಡೇ ಸಹಿ ಹಾಕಿದರು.

ಈ ಭಾಗದಲ್ಲಿ ಎಲ್ಲರಿಗೂ ಒತ್ತಿ ಹೇಳಬೇಕಾದದ್ದು ಒಂದಿದೆ. ಸೈಟು ಕೊಳ್ಳಲು ಬಂದವನು ಪತ್ರದಲ್ಲಿ ಮಾರ್ಗಸೂಚಿ ಬೆಲೆ ತೋರಿಸೋಣ, ಮಿಕ್ಕಿದ್ದು ಕೈಯಲ್ಲಿ ಕೊಡ್ತೀನಿ ಅಂದಿದ್ದ. ಊರಲ್ಲಿ ಅದೇ ರೂಢಿ. ಇಲ್ಲಿಗೆ ತರುವ ದುಡ್ಡಿಗೆ ಆ ರೂಢಿ ನಡೆಯುವುದೇ ಇಲ್ಲ. ಕೈಯಲ್ಲಿ ಬಂದದ್ದನ್ನು ಕಾನೂನಿನ ಪ್ರಕಾರ ಕಳಿಸಲು ದಾರಿಯಿಲ್ಲ, ಹೇಗೋ ಕಳಿಸಿದರೂ ಸಾಲಿಸಿಟರ್ ಮುಟ್ಟುವುದಿಲ್ಲ, ಅನುಮಾನ ಬಂದರೆ ಅಧಿಕಾರಿಗಳಿಗೆ ವರದಿ ಮಾಡುವುದು ಅವರ ಕರ್ತವ್ಯ. ಪೂರ್ತಿ ಬೆಲೆ ಪತ್ರದಲ್ಲೇ ಬರಬೇಕು, ಬ್ಯಾಂಕಿನಲ್ಲೇ ಬರಬೇಕು ಅಂತ ಅಪ್ಪನಿಗೆ ಮೊದಲೇ ಹೇಳಿದ್ದರಿಂದ, ಸ್ವಲ್ಪ ಕಡಿಮೆಗೆ ಇನ್ನೊಬ್ಬರಿಗೆ ಮಾರಿದರು. ಭಾರತದಿಂದ ಒಬ್ಬರು ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದು, ನಮ್ಮದು ಅದರೊಳಗೇ ಇತ್ತು. 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಬ್ಯಾಂಕು ಶೇ 20 ಟಿಸಿಎಸ್, ಅಂದರೆ ಕಳಿಸುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿದಾಗ ಅಪ್ಪನಿಗೆ ಮತ್ತೊಂದು ಸಲ ಸಿಟ್ಟು ಬಂತು. ರಿಟರ್ನ್ಸ್ ಹಾಕಿ ವಾಪಸ್ ಪಡೆಯಬಹುದು, ಆದರೆ ಆ ದುಡ್ಡು ಕೈಗೆ ಬರುವವರೆಗೆ ಕಾಯಬೇಕು.

ಇನ್ನು ಮನೆಯ ಕಾಗದ. ಅದು ಇಲ್ಲಿ ಸಲೀಸು. ಲ್ಯಾಂಡ್ ರಿಜಿಸ್ಟ್ರಿಗೆ 7 ಪೌಂಡ್ ಕಟ್ಟಿದರೆ ಯಾರ ಮನೆಯ ದಾಖಲೆಯನ್ನಾದರೂ ಯಾರಾದರೂ ತೆಗೆಸಬಹುದು. ಆಸ್ತಿ ಯಾವುದು, ಮಾಲೀಕರು ಯಾರು, ಸಾಲ ಏನಿದೆ, ಮೂರು ಭಾಗ, ಮುಗಿಯಿತು. ನಮ್ಮ ಮೂಲಪತ್ರದಿಂದ ಹಿಡಿದು ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ಮೂವತ್ತು ವರ್ಷದ ಕೊಂಡಿ ಹುಡುಕುವ ಕೆಲಸ ಇಲ್ಲಿಲ್ಲ, ಯಾಕೆಂದರೆ ರಿಜಿಸ್ಟರಿನಲ್ಲಿ ಇರುವುದಕ್ಕೆ ಸರ್ಕಾರವೇ ಜಾಮೀನು. ಮಿಕ್ಕಿದ್ದು ಸ್ಥಳೀಯ ಕೌನ್ಸಿಲ್, ಚರಂಡಿ-ನೀರು, ಪರಿಸರ ಅಂತ ಸರ್ಚ್‌ಗಳು, ಅಂದರೆ ಮನೆಗೆ ಸಂಬಂಧಪಟ್ಟ ವಿಚಾರಣೆಗಳು. 1930ರ ದಶಕದ ನಮ್ಮ ಮನೆಯಲ್ಲಿ ಹಂದಿ ಸಾಕಬಾರದು ಅಂತ ಹಳೇ ಷರತ್ತೊಂದಿತ್ತು, ಒಪ್ಪಿದೆವು. ತಕರಾರು ಬಂದದ್ದು ಹಿಂಬದಿಯ ಅಡುಗೆಮನೆಗೆ. ಹಿಂದಿನವರು ಗೋಡೆ ಒಡೆದು ವಿಸ್ತರಿಸಿದ್ದರು, ಕೌನ್ಸಿಲ್ಲಿನ ಕಟ್ಟಡ ನಿಯಮದ ಪ್ರಮಾಣಪತ್ರ ಇರಲಿಲ್ಲ. ಮಾರುವವರ ಸಾಲಿಸಿಟರ್ ವಿಮೆ ಮಾಡಿಸಿಕೊಡ್ತೀವಿ ಅಂದರು. ವಿಮೆ ಕೌನ್ಸಿಲ್ಲಿನ ನೋಟಿಸ್ ತಡೆದೀತು, ಕುಸಿಯುವ ಸೂರನ್ನು ತಡೆಯುವುದಿಲ್ಲ, ಇಂಜಿನಿಯರ್ ಕರೆಸಿ ತೊಲೆ ನೋಡಿಸಿ ಅಂತ ನಮ್ಮ ಸಾಲಿಸಿಟರ್ ನಮಗೆ ಬರೆದರು. ನೋಡಿಸಿದೆವು. ತೊಲೆ ಗಟ್ಟಿಯಿತ್ತು, ವಿಮೆ ಖರ್ಚು ಮಾರುವವರೇ ಹಾಕಿಕೊಂಡರು.

ಫೀಸು ಅಗ್ಗದವರಿಗಿಂತ ಸುಮಾರು 600 ಪೌಂಡ್ ಜಾಸ್ತಿ ಆಯಿತು. ಎಸ್ಟೇಟ್ ಏಜೆಂಟ್ ಇಂಥವರ ಹತ್ತಿರ ಹೋಗಿ ಅಂತ ಒತ್ತಾಯಿಸುತ್ತಿದ್ದ. ಹಾಗೆ ಕಳಿಸಿದ್ದಕ್ಕೆ ಅವರಿಗೆ ಕಮಿಷನ್ ಇರುತ್ತದೆ, ಎಷ್ಟು ಅಂತ ಕೇಳಿ, ಹೇಳಲೇಬೇಕು. ನಾನು ಆರಿಸಿದ್ದು ಒಂದೇ ಪರೀಕ್ಷೆಯಿಂದ: ಫೈಲ್ ನೋಡುವವರ ಜೊತೆಗೇ ಫೋನಿನಲ್ಲಿ ಮಾತಾಡಬೇಕು ಅಂದೆ. ಇಬ್ಬರು ಆಗಲ್ಲ ಅಂದರು, ಈಕೆ ತಾವೇ ಫೋನ್ ಎತ್ತಿದರು.

ಕೊನೆಯ ವಾರದ ಒಂದು ಎಚ್ಚರ. ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಡಿಪಾಸಿಟ್ ಇಲ್ಲಿಗೆ ಹಾಕಿ ಅಂತ ಸಾಲಿಸಿಟರ್ ಹೆಸರಲ್ಲೇ ಮೇಲ್ ಬರುವ ಮೋಸ ಇಲ್ಲಿ ಮಾಮೂಲು. ಖಾತೆಯ ನಂಬರನ್ನು ಮೊದಲ ದಿನವೇ ಕಾಗದದ ಮೇಲೆ ಕೊಟ್ಟು, ದುಡ್ಡು ಹಾಕುವ ಮುಂಚೆ ಆಫೀಸಿನ ಲ್ಯಾಂಡ್‌ಲೈನಿಗೆ ಫೋನ್ ಮಾಡಿ ಓದಿ ಹೇಳಿ ಅಂದಿದ್ದರು. ಹಾಗೇ ಮಾಡಿದೆವು. ಬೀಗದ ಕೈ ಸಿಕ್ಕ ಮೇಲೂ ನೋಂದಣಿ ಮುಗಿಯಲು ತಿಂಗಳುಗಳೇ ಹಿಡಿದವು, ಅದಕ್ಕೆ ಗಾಬರಿ ಬೇಡ. ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಪ್ರಾಪರ್ಟಿ ಅಲರ್ಟ್ ಅಂತ ಬಿಟ್ಟಿ ಸೌಲಭ್ಯ ಇದೆ, ನಿಮ್ಮ ಮನೆಯ ದಾಖಲೆಯನ್ನು ಯಾರಾದರೂ ಬದಲಿಸಲು ಹೊರಟರೆ ಮೇಲ್ ಬರುತ್ತದೆ. ಅದನ್ನು ಹಾಕಿಸಿಕೊಳ್ಳಿ. ಅತ್ತೆಗೆ ಇದನ್ನು ಹೇಳಿದ್ದೇ ತಡ, ಮೈಸೂರಿನ ಮನೆಗೂ ಹಾಕಿಸಿಬಿಡಿ ಅಂತ ಅವರು ಹಟ ಹಿಡಿದಿದ್ದಾರೆ.