ಬಿಸಿಲೊಂದೇ ಇದ್ದರೆ ಮಳೆ ಬಾರದು

‘ಇಷ್ಟು ಧಗೆ ಇದೆಯಲ್ಲ, ಸಂಜೆ ಮಳೆ ಬಂದೇ ಬರುತ್ತದೆ’ ಎಂಬ ಮಾತನ್ನು ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳಿಡೀ ಯಾರಾದರೊಬ್ಬರು ಆಡುತ್ತಲೇ ಇರುತ್ತಾರೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ನೆಲ ಕಾಯದೆ ಬೇಸಿಗೆಯ ಗುಡುಗು ಮೋಡ ಏಳುವುದಿಲ್ಲ. ಆದರೆ ನೆಲ ಕಾದ ಮಾತ್ರಕ್ಕೆ ಮೋಡ ಎದ್ದೇ ಏಳುತ್ತದೆ ಎನ್ನುವಂತಿಲ್ಲ. ಹವ್ಯಾಸಕ್ಕೆಂದು ಹವಾಮಾನವನ್ನು ಗಮನಿಸುವವರಿಗೆ ಈ ವ್ಯತ್ಯಾಸವನ್ನು 2024ರ ಏಪ್ರಿಲ್‌ನಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ತಿಂಗಳು ಇನ್ನೊಂದಿಲ್ಲ.

ಹಿಂದಿನ ವರ್ಷದ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ನಗರದ ಅಂಚಿನ ಬಡಾವಣೆಗಳಲ್ಲಿ ಬೋರ್‌ವೆಲ್‌ಗಳು ಬತ್ತಿ, ಜನ ಟ್ಯಾಂಕರ್ ನೀರಿಗಾಗಿ ಕಾಯುತ್ತಿದ್ದರು. ಏಪ್ರಿಲ್ 28ರಂದು ಬೆಂಗಳೂರಿನ ಗರಿಷ್ಠ ಉಷ್ಣಾಂಶ 38.5 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ನಗರದ ಏಪ್ರಿಲ್ ತಿಂಗಳ ದಾಖಲೆ 2016ರ 39.2 ಡಿಗ್ರಿ. ರಾಯಚೂರು, ಕಲಬುರಗಿಗಳ ಕಡೆ ಪಾದರಸ 40ನ್ನು ದಾಟಿ ಎಷ್ಟೋ ದಿನಗಳಾಗಿದ್ದವು. ಬಿಸಿಲೇ ಮಳೆಯನ್ನು ತರುವುದಾಗಿದ್ದರೆ ಆ ತಿಂಗಳು ಸಂಜೆ ಸಂಜೆಗೂ ಮಳೆ ಸುರಿಯಬೇಕಿತ್ತು. ಆದದ್ದು ಬೇರೆ: ವಾಡಿಕೆಯಂತೆ ಸುಮಾರು 60 ಮಿಲಿಮೀಟರ್ ಮಳೆಯಾಗಬೇಕಾದ ಏಪ್ರಿಲ್‌ನಲ್ಲಿ, 1983ರ ನಂತರ ಮೊದಲ ಬಾರಿಗೆ, ಬೆಂಗಳೂರಿನ ಲೆಕ್ಕದಲ್ಲಿ ಮಳೆಯೇ ಸೇರಲಿಲ್ಲ.

ಅಂಥ ದಿನಗಳಲ್ಲಿ ಗರಿಷ್ಠ ಉಷ್ಣಾಂಶಕ್ಕಿಂತ ಹೆಚ್ಚು ಸಂಗತಿ ಹೇಳುವುದು ಗಾಳಿಯಲ್ಲಿರುವ ತೇವ. ನಮ್ಮ ಹಿತ್ತಿಲಿನಲ್ಲಿ, ನೆಲದಿಂದ ಎದೆಯೆತ್ತರದಲ್ಲಿ, ನಾಲ್ಕೂ ಕಡೆ ಗಾಳಿಯಾಡುವ ಸಂದುಗಳಿರುವ ಬಿಳಿ ಬಣ್ಣದ ಮರದ ಪೆಟ್ಟಿಗೆಯೊಳಗೆ ಎರಡು ಥರ್ಮಾಮೀಟರ್‌ಗಳಿವೆ. ಒಂದರ ಬುರುಡೆ ಒಣಗಿರುತ್ತದೆ. ಇನ್ನೊಂದರ ಬುರುಡೆಗೆ ಸುತ್ತಿದ ಮಸ್ಲಿನ್ ಬಟ್ಟೆಯ ತುದಿ ಪುಟ್ಟ ನೀರಿನ ಸೀಸೆಯಲ್ಲಿ ಮುಳುಗಿರುತ್ತದೆ. ನೀರು ಆವಿಯಾಗುವಾಗ ಒದ್ದೆ ಬುರುಡೆ ತಣ್ಣಗಾಗುತ್ತದೆ. ಗಾಳಿ ಒಣಗಿದ್ದಷ್ಟೂ ಎರಡರ ನಡುವಿನ ಅಂತರ ಹಿಗ್ಗುತ್ತದೆ. ಆ ಅಂತರದಿಂದ ಇಬ್ಬನಿ ಬಿಂದುವನ್ನು, ಅಂದರೆ ಎಷ್ಟು ಡಿಗ್ರಿಗೆ ತಣಿಸಿದರೆ ಗಾಳಿಯೊಳಗಿನ ಆವಿ ಹನಿಗಟ್ಟಲು ತೊಡಗುತ್ತದೆಯೋ ಆ ಉಷ್ಣಾಂಶವನ್ನು, ಕೋಷ್ಟಕ ನೋಡಿ ತೆಗೆಯಬಹುದು. ಉಷ್ಣಾಂಶ ಮತ್ತು ಇಬ್ಬನಿ ಬಿಂದುಗಳ ವ್ಯತ್ಯಾಸವನ್ನು 125ರಿಂದ ಗುಣಿಸಿದರೆ ಮೋಡದ ತಳ ನೆಲದಿಂದ ಸುಮಾರು ಎಷ್ಟು ಮೀಟರ್ ಎತ್ತರದಲ್ಲಿರುತ್ತದೆ ಎಂಬ ಅಂದಾಜೂ ಸಿಗುತ್ತದೆ. ಮಧ್ಯಾಹ್ನದ ಉಷ್ಣಾಂಶ 37, ಇಬ್ಬನಿ ಬಿಂದು 12 ಎಂದಾದರೆ ಮೋಡದ ತಳ ಮೂರು ಸಾವಿರ ಮೀಟರ್‌ಗೂ ಮೇಲಿರುತ್ತದೆ. ಅಷ್ಟು ಎತ್ತರದಿಂದ ನಾಲ್ಕು ಹನಿ ಬಿದ್ದರೂ ಕೆಳಗಿನ ಒಣಗಾಳಿಯಲ್ಲಿ ದಾರಿಯಲ್ಲೇ ಇಂಗಿಹೋಗುತ್ತವೆ. ಮೋಡದಡಿಯಲ್ಲಿ ಬೂದು ಎಳೆಗಳು ಇಳಿಬಿದ್ದಂತೆ ಕಾಣುತ್ತದೆಯೇ ಹೊರತು ನೆಲ ನೆನೆಯುವುದಿಲ್ಲ. ಉಷ್ಣಾಂಶ 35ಕ್ಕಿಳಿದು ಇಬ್ಬನಿ ಬಿಂದು 20ಕ್ಕೇರಿದರೆ ಅದೇ ಲೆಕ್ಕ 1,875 ಮೀಟರ್ ಎನ್ನುತ್ತದೆ. ಬಿಸಿಲು ಎರಡು ಡಿಗ್ರಿ ಕಡಿಮೆಯಾದ ದಿನವೇ ಮಳೆಗೆ ಹತ್ತಿರದ ದಿನವಾಗುವುದು ಹೀಗೆ. ಆ ದಿನದ ಸೆಕೆ ಮೈಗೆ ಅಂಟುತ್ತದೆ, ಬೆವರು ಆರುವುದಿಲ್ಲ. ‘ಇವತ್ತು ಮೋಡದ ಸೆಕೆ’ ಎಂದು ಹಳ್ಳಿಯ ಹಿರಿಯರು ಗುರುತಿಸುವುದು ಇದನ್ನೇ, ಮತ್ತು ಅವರ ಮಾತನ್ನು ನಾನು ಬಹಳ ಗೌರವದಿಂದ ಕೇಳುತ್ತೇನೆ.

ತೇವವಿದ್ದರೂ ಸಾಲದು. ಎತ್ತರದಲ್ಲಿ ಬಿಸಿಯಾದ ಒಣಗಾಳಿಯ ಪದರವೊಂದು ಪಾತ್ರೆಯ ಮೇಲಿನ ಮುಚ್ಚಳದಂತೆ ಕೂತಿದ್ದರೆ, ಕೆಳಗಿನಿಂದ ಏಳುವ ಗಾಳಿ ಅದಕ್ಕೆ ತಾಗಿ ನಿಂತುಬಿಡುತ್ತದೆ. ಬೆಳಿಗ್ಗೆ 5.30ರ ಹೊತ್ತಿಗೆ ಹಾರಿಬಿಡುವ ಹವಾಮಾನ ಬಲೂನುಗಳ ಮಾಹಿತಿಯನ್ನು ನೋಡುವ ಅಭ್ಯಾಸವಿದ್ದವರಿಗೆ ಈ ಪದರ ನಕ್ಷೆಯಲ್ಲೇ ಕಾಣುತ್ತದೆ. ಅದನ್ನು ಭೇದಿಸಲು ಬಿಸಿಲಿನ ಜೊತೆಗೆ ಗಾಳಿಗಳ ನೂಕುಬಲವೂ ಬೇಕು. ಬೇಸಿಗೆಯಲ್ಲಿ ವಿದರ್ಭ, ಮರಾಠವಾಡಗಳ ಕಡೆಯಿಂದ ಕರ್ನಾಟಕದ ಒಳನಾಡನ್ನು ಹಾದು ತಮಿಳುನಾಡಿನವರೆಗೆ ಕಡಿಮೆ ಒತ್ತಡದ ಪಟ್ಟಿಯೊಂದು ಆಗಾಗ ಚಾಚಿಕೊಳ್ಳುತ್ತದೆ. ಬಂಗಾಳ ಕೊಲ್ಲಿಯ ಕಡೆಯ ಹಸಿ ಗಾಳಿಯೂ ವಾಯವ್ಯದ ಒಣಗಾಳಿಯೂ ಅಲ್ಲಿ ಎದುರುಬದುರಾಗುತ್ತವೆ, ಗುಡುಗು ಮಳೆಯೂ ಹೆಚ್ಚಾಗಿ ಅದರ ಆಸುಪಾಸಿನಲ್ಲೇ ಹುಟ್ಟುತ್ತದೆ. ಆದ್ದರಿಂದ ಮಧ್ಯಾಹ್ನದ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದನ್ನು ಬರೆದಿಡುವುದು ಉಷ್ಣಾಂಶ ಬರೆದಿಡುವಷ್ಟೇ ಮುಖ್ಯವೆಂದು ನನ್ನ ಅಭಿಪ್ರಾಯ. ಹೆಚ್ಚಿನ ಹವ್ಯಾಸಿಗಳು ಇದನ್ನು ಕೈಬಿಡುತ್ತಾರೆ.

ಅಶ್ವಿನಿ ಮಳೆ ಒಣಗಿಯೇ ಹೋದ ಆ ವರ್ಷ, ಭರಣಿ ಮಳೆ ಹುಟ್ಟಿದ ಆರಂಭದ ದಿನಗಳಲ್ಲೇ ಬಿಸಿಲು ತುತ್ತತುದಿಗೆ ಹೋಯಿತು. ಮೇ ಮೊದಲ ವಾರದಲ್ಲಿ ಗಾಳಿ ಆಗ್ನೇಯಕ್ಕೆ ತಿರುಗಿ, ಪೆಟ್ಟಿಗೆಯೊಳಗಿನ ಎರಡು ಥರ್ಮಾಮೀಟರ್‌ಗಳ ಅಂತರ ಕುಗ್ಗತೊಡಗಿತು. ಇಂಥ ಮಧ್ಯಾಹ್ನಗಳಲ್ಲಿ ಮೋಡದ ಅಂಚನ್ನು ನೋಡಬೇಕು. ಎರಡು ಗಂಟೆಯ ಹೊತ್ತಿಗೆ ಏಳುವ ಬಿಳಿ ಗುಡ್ಡೆಗಳ ಅಂಚು ಹರಿದು ಚೆದುರುತ್ತಿದ್ದರೆ ಅವು ಒಣಗಾಳಿಗೆ ಸೋಲುತ್ತಿವೆ ಎಂದರ್ಥ. ಅಂಚು ಕತ್ತರಿಸಿದಷ್ಟು ಸ್ಪಷ್ಟವಾಗಿದ್ದು, ಒಂದು ಗುಡ್ಡೆಯ ನೆತ್ತಿಯಿಂದ ಮತ್ತೊಂದು ಉಕ್ಕಿ ಬರುತ್ತಿದ್ದರೆ ಮುಚ್ಚಳ ಸರಿದಿದೆ. ನೆತ್ತಿಯ ಆ ಸ್ಪಷ್ಟತೆ ಮಸುಕಾಗಿ, ನಾರುನಾರಾಗಿ ಪಕ್ಕಕ್ಕೆ ಹರಡತೊಡಗಿದರೆ ಅಲ್ಲಿ ಹನಿಗಳು ಮಂಜುಗಡ್ಡೆಯ ಹರಳುಗಳಾಗುತ್ತಿವೆ. ಗುಡುಗು ಇನ್ನು ದೂರವಿಲ್ಲ.

ಮೊದಲ ಗುಡುಗು ಕೇಳಿದೊಡನೆ ಬಯಲಿನ ವೀಕ್ಷಣೆ ಮುಗಿಯಬೇಕು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗಿನ ಪ್ರತಿ ಮೂರು ಸೆಕೆಂಡು ಒಂದು ಕಿಲೋಮೀಟರ್ ಎಂಬ ಲೆಕ್ಕವನ್ನು ಕಿಟಕಿಯೊಳಗಿನಿಂದ ಹಾಕಬಹುದೇ ಹೊರತು ತಾರಸಿಯ ಮೇಲೆ ನಿಂತು ಹಾಕಬಾರದು. ಕೊನೆಯ ಗುಡುಗಿನ ನಂತರವೂ ಅರ್ಧ ಗಂಟೆ ಒಳಗೇ ಇರುವುದು ಕ್ಷೇಮ. ನಮ್ಮ ರಾಜ್ಯದಲ್ಲಿ ಮುಂಗಾರುಪೂರ್ವದ ಸಿಡಿಲಿಗೆ ಬಲಿಯಾಗುವವರಲ್ಲಿ ಬಹಳಷ್ಟು ಮಂದಿ ಹೊಲದಲ್ಲಿರುವವರು, ಕುರಿ ಕಾಯುವವರು, ಮರದಡಿ ನಿಂತವರು. ಮುನ್ನೆಚ್ಚರಿಕೆಗೆ ರಾಜ್ಯದ ವಿಪತ್ತು ನಿರ್ವಹಣಾ ಕೇಂದ್ರದ ‘ಸಿಡಿಲು’ ಆ್ಯಪ್ ಇದೆ, ಪುಣೆಯ ಸಂಸ್ಥೆ ರೂಪಿಸಿದ ‘ದಾಮಿನಿ’ಯೂ ಇದೆ. ಊರಿನಲ್ಲಿರುವ ಬಂಧುಗಳ ಫೋನಿನಲ್ಲಿ ಇವುಗಳಲ್ಲಿ ಒಂದನ್ನಾದರೂ ಹಾಕಿಕೊಟ್ಟು ಬನ್ನಿ ಎಂದು ಕೇಳಿಕೊಳ್ಳುತ್ತೇನೆ.

ಮಳೆಗಿಂತ ಮೊದಲು ತಣ್ಣನೆಯ ಗಾಳಿ ಬರುತ್ತದೆ. ಬೀಳುವ ಹನಿಗಳು ಆವಿಯಾಗುತ್ತಾ ತಣಿಸಿದ ಭಾರದ ಗಾಳಿ ನೆಲಕ್ಕೆ ಅಪ್ಪಳಿಸಿ ಮುಂದಕ್ಕೆ ಹರಡುವಾಗ ಧೂಳೆದ್ದು, ಬಾಗಿಲು ಬಡಿದುಕೊಂಡು, ಕೆಲವೇ ನಿಮಿಷಗಳಲ್ಲಿ ಉಷ್ಣಾಂಶ ಹತ್ತು ಡಿಗ್ರಿಯಷ್ಟು ಕುಸಿಯುವುದುಂಟು. ಒತ್ತಡಮಾಪಕದ ಗೆರೆ ಥಟ್ಟನೆ ಮೇಲಕ್ಕೆ ಜಿಗಿಯುತ್ತದೆ. ಎಷ್ಟೋ ಸಲ ಈ ಗಾಳಿಯಷ್ಟೇ ನಮ್ಮ ಪಾಲಿಗೆ ಬಂದು, ಮಳೆ ಪಕ್ಕದ ಬಡಾವಣೆಯಲ್ಲಿ ಸುರಿದುಹೋಗುತ್ತದೆ. ಬೇಸಿಗೆಯ ಗುಡುಗು ಮೋಡದ ಹರವೇ ಕೆಲವು ಕಿಲೋಮೀಟರ್ ಆದ್ದರಿಂದ, ಊರಿನ ಒಂದು ತುದಿಯಲ್ಲಿ ಚರಂಡಿ ಉಕ್ಕುತ್ತಿರುವಾಗ ಇನ್ನೊಂದು ತುದಿಯಲ್ಲಿ ರಸ್ತೆ ಒಣಗಿರುತ್ತದೆ. ನಗರದ ಒಂದೇ ವೀಕ್ಷಣಾಲಯದ ಅಂಕಿಯಿಂದ ಇದು ತಿಳಿಯುವುದಿಲ್ಲ. ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನು ಹರಡಿರುವ ಕರ್ನಾಟಕದಂಥ ರಾಜ್ಯದಲ್ಲಿಯೂ ಅವುಗಳ ನಡುವೆ ಜಾಗ ಉಳಿದೇ ಇರುತ್ತದೆ. ಮನೆಯಂಗಳದ ಮಳೆಮಾಪಕವನ್ನು ಮರ, ಗೋಡೆಗಳಿಂದ ದೂರವಿಟ್ಟು, ಹವಾಮಾನ ಇಲಾಖೆಯ ಕ್ರಮದಂತೆ ಬೆಳಿಗ್ಗೆ 8.30ಕ್ಕೆ ಅಳೆದು, ಮಳೆಯಾಗದ ದಿನವೂ ತಪ್ಪದೆ ಸೊನ್ನೆಯನ್ನು ಬರೆದಿಟ್ಟರೆ ಆ ಜಾಗದ ಲೆಕ್ಕವೊಂದು ಸಿಗುತ್ತದೆ. ಏಪ್ರಿಲ್ 2024ರ ಹಾಳೆಯಲ್ಲಿರುವ ಸೊನ್ನೆಗಳಿಗೆ ಅಷ್ಟು ಬೆಲೆ ಬಂದಿರುವುದು ಅವುಗಳ ಪಕ್ಕದ ಅಂಕಣದಲ್ಲಿ ಇಬ್ಬನಿ ಬಿಂದುವೂ ಗಾಳಿಯ ದಿಕ್ಕೂ ಇರುವುದರಿಂದ.