ಅಷ್ಟು ಜನರಲ್ಲಿ ಯಾರನ್ನು ಕೇಳಬೇಕು?

1930ರ ದಶಕದ ಅಮೆರಿಕದ ಬಿಗ್ ಬ್ಯಾಂಡ್ ಜಾಸ್ ಹಾಕಿದರೆ ಸಾಕು, ಮನೆಗೆ ಬಂದವರು ಐದು ನಿಮಿಷದಲ್ಲಿ ಕೇಳುತ್ತಾರೆ: "ಹತ್ತು ಹದಿನೈದು ಜನ ಒಟ್ಟಿಗೆ ಊದುತ್ತಾರೆ, ಬಾರಿಸುತ್ತಾರೆ. ಇದರಲ್ಲಿ ಯಾರನ್ನು ಕೇಳಬೇಕು ಮಾರಾಯರೇ?"

ಗಿಟಾರಿನವರನ್ನು ಕೇಳಿ ಎನ್ನುತ್ತೇನೆ. "ಗಿಟಾರ್ ಎಲ್ಲಿದೆ?" ಎಂಬುದು ಮುಂದಿನ ಪ್ರಶ್ನೆ.

ಪಿಯಾನೋ ವಾದಕ ಕೌಂಟ್ ಬೇಸಿಯವರ ತಂಡ ಕಾನ್ಸಾಸ್ ಸಿಟಿಯ ರೆನೋ ಕ್ಲಬ್ಬಿನಲ್ಲಿ ನುಡಿಸಿಕೊಂಡಿದ್ದು, 1936ರಲ್ಲಿ ಆ ಊರು ಬಿಟ್ಟಿತು. ಮರುವರ್ಷ ನ್ಯೂಯಾರ್ಕಿನಲ್ಲಿ ಗಿಟಾರ್ ಹಿಡಿದ ಫ್ರೆಡ್ಡಿ ಗ್ರೀನ್ ಬಂದು ಸೇರಿದರು. ನಡುವಿನ ಸಣ್ಣ ಬಿಡುವು ಬಿಟ್ಟರೆ, 1987ರಲ್ಲಿ ತೀರಿಕೊಳ್ಳುವವರೆಗೂ ಅದೇ ಕುರ್ಚಿ. 1984ರಲ್ಲಿ ಬೇಸಿಯವರೇ ಹೋದರೂ ಗ್ರೀನ್ ಏಳಲಿಲ್ಲ. ಅಷ್ಟು ವರ್ಷಗಳಲ್ಲಿ ಅವರು ಒಂಟಿಯಾಗಿ ಮೆರೆದದ್ದು ತೀರಾ ಅಪರೂಪ.

ಅವರ ಕೆಲಸ ನಾಲ್ಕು ಎಣಿಕೆಗೆ ನಾಲ್ಕು ಮೀಟು. ಎಡಗೈ ತಂತಿಗಳನ್ನು ಒತ್ತುತ್ತದೆ, ಬಲಗೈ ಮೀಟುತ್ತದೆ, ಕೂಡಲೇ ಎಡಗೈ ಸಡಿಲ. ನಾದ ಹುಟ್ಟಿದಲ್ಲೇ ಅಡಗುತ್ತದೆ. ಉಳಿಯುವುದು ಒಣಗಿದ ಒಂದು 'ಚಕ್'. ಇದನ್ನು ನಮ್ಮ ತಂಬೂರಿಗೆ ಹೋಲಿಸುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ತಂಬೂರಿ ಕಾಯುವುದು ಶ್ರುತಿಯನ್ನು, ಗ್ರೀನ್ ಕಾಯುತ್ತಿದ್ದದ್ದು ನಡೆಯನ್ನು. ಪಕ್ಕದಲ್ಲಿ ವಾಲ್ಟರ್ ಪೇಜ್ ಅವರ ಬಾಸ್ ಹೆಜ್ಜೆ ಹಾಕುತ್ತದೆ, ಜೋ ಜೋನ್ಸ್ ತಾಳವನ್ನು ಕಾಲಡಿಯ ದೊಡ್ಡ ಡ್ರಮ್ಮಿನಿಂದ ಬಿಡಿಸಿ ಹೈ-ಹ್ಯಾಟ್ ಎಂಬ ಜೋಡಿ ಲೋಹದ ತಟ್ಟೆಗಳಿಗೆ ಏರಿಸುತ್ತಾರೆ. ಈ ಮೂವರಿದ್ದುದರಿಂದಲೇ ಬೇಸಿ ಪಿಯಾನೋದಲ್ಲಿ ಎರಡು ಸ್ವರ ಉದುರಿಸಿ ಹಾಯಾಗಿ ಸುಮ್ಮನಿರಬಹುದಿತ್ತು.

ಬೆನ್ನಿ ಗುಡ್‌ಮನ್, ಡ್ಯೂಕ್ ಎಲಿಂಗ್ಟನ್ ಅವರಂಥ ಬೇರೆ ತಂಡಗಳ ನಾಯಕರನ್ನೆಲ್ಲ ಬಿಟ್ಟೆಯಲ್ಲ ಎನ್ನಬೇಡಿ. ಎಲಿಂಗ್ಟನ್ ಅವರಲ್ಲಿ ಬಣ್ಣಗಳೇ ಬೇರೆ, ಅದಕ್ಕೆ ಬೇರೆ ಸಂಜೆ ಬೇಕು. ಆದರೆ ಆ ಕಾಲದ ಎಲ್ಲ ತಂಡಗಳೂ ಅನ್ನ ತಿಂದದ್ದು ಕುಣಿಯುವವರಿಂದ. ಹಾರ್ಲೆಮ್‌ನ ಸವಾಯ್ ಬಾಲ್‌ರೂಮಿನಂಥ ಕುಣಿತದ ಮನೆಗಳಲ್ಲಿ ಜನರ ಕಾಲು ಎದ್ದರೆ ತಂಡ ಗೆದ್ದಂತೆ.

ಪರೀಕ್ಷಿಸಬೇಕೆ? ತಂಡ 1937ರಲ್ಲಿ ಧ್ವನಿಮುದ್ರಿಸಿದ 'ವನ್ ಓಕ್ಲಾಕ್ ಜಂಪ್' ಹಾಕಿ. ಮೊದಲಿಗೆ ಬೇಸಿಯವರ ಪಿಯಾನೋ, ಜೊತೆಗೆ ಲಯದವರು ಮಾತ್ರ. ಗ್ರೀನ್ ಅವರ 'ಚಕ್' ಅನ್ನು ಅಲ್ಲೇ ಹಿಡಿಯಿರಿ. ಹರ್ಷಲ್ ಇವಾನ್ಸ್ ಸ್ಯಾಕ್ಸೋಫೋನ್ ಎತ್ತಿಕೊಂಡು ನಿಮ್ಮನ್ನು ಎಳೆಯುತ್ತಾರೆ, ಬಗ್ಗಬೇಡಿ. ಕೊನೆಗೆ ಎಲ್ಲರೂ ಸೇರಿ ಒಂದೇ ತುಣುಕನ್ನು ಮತ್ತೆ ಮತ್ತೆ ಊದುವಾಗ ಆ 'ಚಕ್' ಕೇಳಿಸುವುದೇ ಇಲ್ಲ, ಆದರೆ ನಿಮ್ಮ ಕಾಲು ಅಲುಗಾಡುತ್ತಿರುತ್ತದೆ.

ಮೊಬೈಲಿನ ಸ್ಪೀಕರಿನಲ್ಲಿ ಕೇಳಿ ಗಿಟಾರ್ ಸಿಗಲಿಲ್ಲ ಎಂದು ಬರುವವರಿಗೆ ನಾನು ಕಾಫಿ ಮಾತ್ರ ಕೊಡುತ್ತೇನೆ.